ಅಪ್ಪ ‘250/-’ ಅಂತ ಬರೆದರೆ ನನ್ನ ಪೈಥಾನ್ ಪ್ರೋಗ್ರಾಂ ನಿಂತುಹೋಗುತ್ತದೆ, ಏನು ಮಾಡಲಿ?

ಪ್ರಶ್ನೆ: ಮೇಡಂ, ನಾನು ಬಿ.ಕಾಂ. ಎರಡನೇ ವರ್ಷದಲ್ಲಿ ಓದುತ್ತಿದ್ದೇನೆ. ನಾಲ್ಕು ತಿಂಗಳಿಂದ ಪೈಥಾನ್ ಕಲಿಯುತ್ತಿದ್ದೇನೆ. ಗದಗ ಹತ್ತಿರದ ಊರಲ್ಲಿ ನಮ್ಮದು ಕಿರಾಣಿ ಅಂಗಡಿ. ಉದ್ರಿ ಪುಸ್ತಕದ ಬದಲು ಕಂಪ್ಯೂಟರ್‌ನಲ್ಲಿ ಲೆಕ್ಕ ಇರಲಿ ಅಂತ ಅಪ್ಪನಿಗಾಗಿ ಒಂದು ಸಣ್ಣ ಪ್ರೋಗ್ರಾಂ ಬರೆದೆ. ಗಿರಾಕಿಯ ಹೆಸರು ಕೇಳುತ್ತದೆ, ಮೊತ್ತ ಕೇಳುತ್ತದೆ, ರಾತ್ರಿ ಅಂಗಡಿ ಮುಚ್ಚುವಾಗ ಎಲ್ಲವನ್ನೂ ಫೈಲ್‌ಗೆ ಬರೆಯುತ್ತದೆ. ನಾನು ಓಡಿಸಿದಾಗ ಸರಿಯಾಗಿಯೇ ಇತ್ತು. ಅಪ್ಪ ಕೂತ ಮೊದಲ ದಿನವೇ ‘250/-’ ಅಂತ ಬರೆದರು. ಎರರ್ ಬಂದು ಎಲ್ಲ ನಿಂತಿತು, ಬೆಳಗಿನಿಂದ ಹಾಕಿದ ಲೆಕ್ಕವೂ ಹೋಯಿತು. ಗೆಳೆಯನ ಮಾತು ಕೇಳಿ ಲೂಪ್‌ನ ಒಳಗಿದ್ದದ್ದಕ್ಕೆಲ್ಲ, ಅಂದರೆ ಮತ್ತೆ ಮತ್ತೆ ಓಡುವ ಭಾಗಕ್ಕೆಲ್ಲ, ಟ್ರೈ ಹಾಕಿ, ಎರರ್ ಬಂದಾಗ ಓಡುವ ಎಕ್ಸೆಪ್ಟ್ ಕೆಳಗೆ ಸುಮ್ನೆ ಪಾಸ್ ಅಂತ ಬರೆದೆ. ಈಗ ಎಲ್ಲೂ ನಿಲ್ಲುವುದಿಲ್ಲ. ಆದರೆ ವಾರದ ಲೆಕ್ಕ ತೆಗೆದರೆ ಕೆಲವು ಗಿರಾಕಿಗಳ ಉದ್ರಿಯೇ ಇಲ್ಲ. ಕಂಟ್ರೋಲ್-ಸಿ ಒತ್ತಿದರೂ ಪ್ರೋಗ್ರಾಂ ನಿಲ್ಲುತ್ತಿಲ್ಲ. ಇನ್ನೊಬ್ಬರು ‘ಈಸ್‌ಡಿಜಿಟ್ ಬಳಸು, ಬರೆದದ್ದೆಲ್ಲ ಅಂಕಿಯೇನಾ ಅಂತ ಅದು ಹೇಳುತ್ತದೆ’ ಅಂದರು. ಅಪ್ಪ ‘ಪುಸ್ತಕವೇ ವಾಸಿ’ ಅಂತ ಮತ್ತೆ ಪುಸ್ತಕ ಹಿಡಿದಿದ್ದಾರೆ. ನನಗೆ ಪ್ರೋಗ್ರಾಮಿಂಗ್ ಆಗಿಬರಲ್ವಾ? ಅಥವಾ ಅಪ್ಪನಿಗೆ ಸರಿಯಾಗಿ ಟೈಪ್ ಮಾಡೋದು ಕಲಿಸಬೇಕಾ?

ಉತ್ತರ: ಕೊನೆಯ ಎರಡು ಪ್ರಶ್ನೆಗಳಿಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಎರಡಕ್ಕೂ ‘ಇಲ್ಲ’. ನಾಲ್ಕೇ ತಿಂಗಳಲ್ಲಿ ಮನೆಯವರು ನಿಜವಾಗಿ ಬಳಸುವಂಥ ಪ್ರೋಗ್ರಾಂ ಬರೆದಿದ್ದೀರಿ. ಇದು ಸಣ್ಣ ಮಾತಲ್ಲ. ಇನ್ನು ನಿಮ್ಮ ತಂದೆ ತಪ್ಪು ಬರೆದಿಲ್ಲ. ‘250/-’ ಎನ್ನುವುದು ನಮ್ಮ ಕಡೆ ಬಿಲ್ಲಿನಲ್ಲಿ, ಚೆಕ್ಕಿನಲ್ಲಿ, ರಸೀದಿಯಲ್ಲಿ ಎಲ್ಲರೂ ಬರೆಯುವ ರೀತಿ. ಮುಂದೆ ಯಾರೂ ಇನ್ನೊಂದು ಅಂಕಿ ಸೇರಿಸಬಾರದು ಅಂತಲೇ ಆ ಗೆರೆ ಹಾಕುತ್ತಾರೆ. ಇಷ್ಟು ವರ್ಷ ಲೆಕ್ಕ ಬರೆದ ಕೈ ಅದು. ಅವರ ಅಭ್ಯಾಸ ನಿಮ್ಮ ಪ್ರೋಗ್ರಾಂಗೆ ಗೊತ್ತಿರಲಿಲ್ಲ, ಅಷ್ಟೇ.

ನಿಜವಾದ ಚಿಂತೆ ಬೇರೆ ಇದೆ. ಮೊದಲ ದಿನ ಪ್ರೋಗ್ರಾಂ ನಿಂತದ್ದಕ್ಕೆ ನೀವು ಹೆದರಿದ್ದೀರಿ. ನನಗೆ ಹೆದರಿಕೆ ಆದದ್ದು ಅದು ನಿಲ್ಲದೆ ಓಡಿದ ಆ ಒಂದು ವಾರದ ಬಗ್ಗೆ. ನಿಂತ ಪ್ರೋಗ್ರಾಂ ‘ಇಲ್ಲಿ ಏನೋ ಸರಿಯಿಲ್ಲ’ ಅಂತ ಕೂಗಿ ಹೇಳುತ್ತದೆ. ಉದ್ರಿ ನುಂಗಿಕೊಂಡು ಮುಂದಿನ ಗಿರಾಕಿಯ ಹೆಸರು ಕೇಳುವ ಪ್ರೋಗ್ರಾಂ ಏನೂ ಹೇಳುವುದಿಲ್ಲ. ದುಡ್ಡಿನ ಲೆಕ್ಕದಲ್ಲಿ ಇವೆರಡರ ನಡುವೆ ತುಂಬಾ ವ್ಯತ್ಯಾಸ ಇದೆ.

ಮೊದಲು, ಆ ಎರರ್ ಯಾಕೆ ಬಂತು ನೋಡೋಣ. ಪೈಥಾನ್‌ನಲ್ಲಿ ಇನ್‌ಪುಟ್ ಯಾವಾಗಲೂ ಸ್ಟ್ರಿಂಗ್ ಅನ್ನೇ ಕೊಡುತ್ತದೆ, ಅಂದರೆ ಬರೀ ಅಕ್ಷರಗಳ ಸಾಲು. 250 ಅಂತ ಒತ್ತಿದರೂ ನಿಮಗೆ ಸಿಗುವುದು ಎರಡು, ಐದು, ಸೊನ್ನೆ ಎಂಬ ಮೂರು ಅಕ್ಷರಗಳು. ಅದನ್ನು ಸಂಖ್ಯೆ ಮಾಡುವ ಕೆಲಸ ಇಂಟ್‌ನದು. ಓರೆಗೆರೆ ಕಂಡಾಗ ಇಂಟ್‌ಗೆ ಏನು ಮಾಡಬೇಕೋ ಗೊತ್ತಾಗಲಿಲ್ಲ, ‘ವ್ಯಾಲ್ಯೂಎರರ್’ ಎಂದು ಕೈ ಎತ್ತಿತು. ಮುಂದಿನ ಸಲ ಟ್ರೇಸ್‌ಬ್ಯಾಕ್, ಅಂದರೆ ಎರರ್‌ನ ಆ ಉದ್ದ ಸಂದೇಶ, ಬಂದಾಗ ಕೊನೆಯ ಸಾಲನ್ನು ಮೊದಲು ಓದಿ. ‘10ರ ಲೆಕ್ಕದಲ್ಲಿ ಇದು ಸಂಖ್ಯೆ ಅಲ್ಲ’ ಅಂತ ಹೇಳಿ, ನಿಮ್ಮ ತಂದೆ ಬರೆದದ್ದನ್ನೇ ಉದ್ಧರಣ ಚಿಹ್ನೆಯೊಳಗೆ ತೋರಿಸಿರುತ್ತದೆ. ಹೊಸಬರಲ್ಲಿ ಬಹಳ ಜನ ಎರರ್ ಕಂಡ ಕೂಡಲೇ ಆ ಕಿಟಕಿಯನ್ನೇ ಮುಚ್ಚಿಬಿಡುತ್ತಾರೆ. ಉತ್ತರ ಅದೇ ಸಾಲಿನಲ್ಲಿ ಇರುತ್ತದೆ.

ಇಂಟ್ ನೀವು ಅಂದುಕೊಂಡಷ್ಟು ಕಟ್ಟುನಿಟ್ಟೂ ಅಲ್ಲ. ಹಿಂದೆ ಮುಂದೆ ಖಾಲಿ ಜಾಗ ಇದ್ದರೆ ತಾನೇ ಬಿಡುತ್ತದೆ. ‘1_000’ ಅಂತ ನಡುವೆ ಅಡಿಗೆರೆ ಇದ್ದರೂ 3.6ನೇ ಆವೃತ್ತಿಯಿಂದ ಅದನ್ನು ಸಾವಿರ ಅಂತಲೇ ಓದುತ್ತದೆ. ಇನ್ನೊಂದು ಸಂಗತಿ ನನಗೆ ಬಹಳ ಇಷ್ಟ: ‘೨೫೦’ ಅಂತ ಕನ್ನಡ ಅಂಕಿಯಲ್ಲಿ ಬರೆದರೂ ಇಂಟ್ ಅದನ್ನು ಇನ್ನೂರೈವತ್ತು ಅಂತ ಸರಿಯಾಗಿ ಓದುತ್ತದೆ. ಈಗಲೇ ಮಾಡಿ ನೋಡಿ. ನಿಮ್ಮ ತಂದೆ ಕನ್ನಡ ಕೀಬೋರ್ಡ್ ಬಳಸಿದರೆ ನೀವು ಬೇರೆ ಏನೂ ಮಾಡಬೇಕಿಲ್ಲ. ಆದರೆ ‘1,250’ ಇಂಟ್‌ಗೆ ಆಗಿಬರುವುದಿಲ್ಲ, ‘12.50’ ಆಗುವುದಿಲ್ಲ, ಏನೂ ಬರೆಯದೆ ಎಂಟರ್ ಒತ್ತಿದರೆ ಅದೂ ಆಗುವುದಿಲ್ಲ. ಸೊನ್ನೆಯ ಜಾಗದಲ್ಲಿ ಇಂಗ್ಲಿಷ್‌ನ ‘ಓ’ ಅಕ್ಷರ ಬಿದ್ದರೆ ಕಣ್ಣಿಗೆ ಗೊತ್ತಾಗಲ್ಲ, ಇಂಟ್‌ಗೆ ಗೊತ್ತಾಗುತ್ತದೆ.

ಈಗ ನಿಮ್ಮ ಗೆಳೆಯ ಹೇಳಿದ ದಾರಿಗೆ ಬರೋಣ. ‘ಎಲ್ಲಕ್ಕೂ ಟ್ರೈ ಹಾಕಿಬಿಡು, ಕ್ರ್ಯಾಶ್ ಆಗಲ್ಲ’ ಎನ್ನುವ ಮಾತನ್ನು ನಾನು ಪ್ರತಿ ವರ್ಷ ಕೇಳುತ್ತೇನೆ. ಕ್ರ್ಯಾಶ್ ಆಗಲ್ಲ ಎನ್ನುವುದು ನಿಜ. ಆದರೆ ಅಲ್ಲಿ ನಡೆಯುವುದು ಇದು: ಅಪ್ಪ ‘250/-’ ಬರೆಯುತ್ತಾರೆ, ಇಂಟ್ ಕೈ ಎತ್ತುತ್ತದೆ, ಎಕ್ಸೆಪ್ಟ್ ಅದನ್ನು ಹಿಡಿಯುತ್ತದೆ, ಪಾಸ್ ಅಂದರೆ ಏನೂ ಮಾಡಬೇಡ ಅಂತ, ಲೂಪ್ ಮೊದಲಿಗೆ ಹೋಗಿ ಮುಂದಿನ ಹೆಸರು ಕೇಳುತ್ತದೆ. ಲೆಕ್ಕಕ್ಕೆ ಸೇರಿತು ಅಂತ ಅಪ್ಪ ಅಂದುಕೊಳ್ಳುತ್ತಾರೆ. ಸೇರಿರುವುದಿಲ್ಲ. ನಿಮ್ಮ ವಾರದ ಲೆಕ್ಕದಲ್ಲಿ ಮಾಯವಾದ ಉದ್ರಿಗಳು ಹೋದದ್ದು ಹೀಗೆ.

ಕಂಟ್ರೋಲ್-ಸಿ ಕೆಲಸ ಮಾಡದಿರುವುದಕ್ಕೂ ಇದೇ ಕಾರಣ. ಕಂಟ್ರೋಲ್-ಸಿ ಒತ್ತಿದಾಗ ಪೈಥಾನ್ ಒಳಗೆ ‘ಕೀಬೋರ್ಡ್‌ಇಂಟರಪ್ಟ್’ ಎಂಬ ಎಕ್ಸೆಪ್ಶನ್ ಏಳುತ್ತದೆ, ವ್ಯಾಲ್ಯೂಎರರ್ ಎದ್ದ ಹಾಗೇ. ಹೆಸರು ಹೇಳದ ಬರೀ ಎಕ್ಸೆಪ್ಟ್ ಅದನ್ನೂ ಹಿಡಿದು ನುಂಗುತ್ತದೆ. ‘ಎಕ್ಸೆಪ್ಶನ್’ ಅಂತ ಹೆಸರು ಸೇರಿಸಿ ಹಿಡಿದರೆ ಇದೊಂದು ತಪ್ಪುತ್ತದೆ, ಯಾಕೆಂದರೆ ಕೀಬೋರ್ಡ್‌ಇಂಟರಪ್ಟ್ ಆ ಗುಂಪಿಗೆ ಸೇರಿದ್ದಲ್ಲ. ಆದರೆ ಉಳಿದ ತೊಂದರೆಗಳು ಹಾಗೇ ಇರುತ್ತವೆ.

ಉಳಿದ ತೊಂದರೆ ಅಂದರೆ ಏನು? ನನ್ನ ತರಗತಿಯಲ್ಲಿ ಒಬ್ಬ ಹುಡುಗಿ ಅಂಕಗಳನ್ನು ಕೇಳುವ ಪ್ರೋಗ್ರಾಂ ಬರೆದಿದ್ದಳು. ತಪ್ಪು ಬಂದರೆ ‘ದಯವಿಟ್ಟು ಸಂಖ್ಯೆ ಬರೆಯಿರಿ’ ಅಂತ ಹೇಳಿ ಮತ್ತೆ ಕೇಳಬೇಕು. ಅವಳು 72 ಬರೆದಳು, ‘ದಯವಿಟ್ಟು ಸಂಖ್ಯೆ ಬರೆಯಿರಿ’ ಅಂತು. 45 ಬರೆದಳು, ಮತ್ತದೇ. ಕೀಬೋರ್ಡ್ ಕೆಟ್ಟಿದೆ ಅಂದುಕೊಂಡು ಪಕ್ಕದ ಕಂಪ್ಯೂಟರ್‌ಗೆ ಹೋದಳು, ಅಲ್ಲೂ ಅದೇ. ಅರ್ಧ ಗಂಟೆ ಆದಮೇಲೆ ನನ್ನನ್ನು ಕರೆದಳು. ನಾನು ಮಾಡಿದ್ದು ಒಂದೇ ಕೆಲಸ, ಎಕ್ಸೆಪ್ಟ್ ಮುಂದೆ ‘ವ್ಯಾಲ್ಯೂಎರರ್’ ಅಂತ ಸೇರಿಸಿದೆ. ಕೂಡಲೇ ನಿಜವಾದ ತಪ್ಪು ಹೊರಗೆ ಬಂತು. ಟ್ರೈ ಒಳಗೆ ಒಂದು ವೇರಿಯಬಲ್ ಹೆಸರಿನ ಸ್ಪೆಲಿಂಗ್ ತಪ್ಪಾಗಿತ್ತು. ಅದು ‘ನೇಮ್‌ಎರರ್’. ತಪ್ಪು ಅವಳ ಕೋಡ್‌ನಲ್ಲಿತ್ತು, ಪ್ರೋಗ್ರಾಂ ಮಾತ್ರ ಬಳಸುವವರ ಮೇಲೆ ದೂರು ಹಾಕುತ್ತಿತ್ತು. ಬರೀ ಎಕ್ಸೆಪ್ಟ್‌ನ ಗುಣವೇ ಇದು. ನಿಮ್ಮ ತಪ್ಪನ್ನು ನಿಮ್ಮಿಂದಲೇ ಮುಚ್ಚಿಡುತ್ತದೆ.

ಇನ್ನು ಈಸ್‌ಡಿಜಿಟ್. ಇದನ್ನು ಹೇಳಿದವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ, ಪರೀಕ್ಷೆಯ ಪ್ರಶ್ನೆಗೆ ಇದು ಸಾಕಾಗುತ್ತದೆ ಕೂಡ. ಆದರೆ ‘-50’ ಕೊಟ್ಟರೆ ಈಸ್‌ಡಿಜಿಟ್ ಇಲ್ಲ ಅನ್ನುತ್ತದೆ, ಮೈನಸ್ ಗುರುತು ಅಂಕಿ ಅಲ್ಲವಲ್ಲ. ‘12.50’ ಕೊಟ್ಟರೂ ಇಲ್ಲ. ಇನ್ನೊಂದು ಕಡೆ, ವರ್ಗ ಅಂತ ತೋರಿಸಲು ಮೇಲೆ ಸಣ್ಣದಾಗಿ ಬರೆಯುವ ‘²’ ಇದೆಯಲ್ಲ, ಅದಕ್ಕೆ ಈಸ್‌ಡಿಜಿಟ್ ಹೌದು ಅನ್ನುತ್ತದೆ, ಇಂಟ್ ಮಾತ್ರ ಆಗಲ್ಲ ಅನ್ನುತ್ತದೆ. ಅಂದರೆ ಕಾವಲುಗಾರ ಒಳಗೆ ಬಿಟ್ಟವನನ್ನು ಒಳಗಿನವನು ಹೊರಗೆ ಹಾಕಿದ ಹಾಗೆ. ಸಂಖ್ಯೆ ಮಾಡಲು ಆಗುತ್ತಾ ಇಲ್ಲವಾ ಅಂತ ಖಚಿತವಾಗಿ ಗೊತ್ತಿರುವುದು ಇಂಟ್‌ಗೆ ಮಾತ್ರ, ಆದ್ದರಿಂದ ಇಂಟ್ ಅನ್ನೇ ಕೇಳಿ. ಮೊದಲು ಮಾಡಿ ನೋಡುವುದು, ಆಗದಿದ್ದರೆ ಸಂಭಾಳಿಸುವುದು ಪೈಥಾನ್‌ನಲ್ಲಿ ಒಪ್ಪಿತವಾದ ದಾರಿಯೇ.

ಕೆಲವು ಹಳೇ ಪಾಠಗಳಲ್ಲಿ ಇನ್‌ಪುಟ್ ಸುತ್ತ ‘ಇವ್ಯಾಲ್’ ಹಾಕಿರುವುದನ್ನೂ ನೀವು ನೋಡಿರಬಹುದು. ಪೈಥಾನ್ 2ರಲ್ಲಿ ಇನ್‌ಪುಟ್ ತಾನೇ ಹಾಗೆ ಕೆಲಸ ಮಾಡುತ್ತಿತ್ತು, ಬರೆದದ್ದನ್ನು ಕೋಡ್ ಅಂತ ಓಡಿಸುತ್ತಿತ್ತು. 2008ರ ಡಿಸೆಂಬರ್‌ನಲ್ಲಿ ಬಂದ ಪೈಥಾನ್ 3 ಅದನ್ನು ಬಿಟ್ಟಿತು, 2020ರ ಜನವರಿ 1ಕ್ಕೆ ಪೈಥಾನ್ 2ಕ್ಕೆ ಬೆಂಬಲವೂ ಮುಗಿಯಿತು. ಇವ್ಯಾಲ್ ಬಳಸಿದರೆ ಕೀಬೋರ್ಡ್ ಮುಂದೆ ಕೂತವರು ಬರೆದ ಯಾವ ಆದೇಶವನ್ನಾದರೂ ಕಂಪ್ಯೂಟರ್ ನಡೆಸಿಬಿಡುತ್ತದೆ, ಫೈಲ್ ಅಳಿಸುವುದನ್ನೂ ಸೇರಿಸಿ. ಲೆಕ್ಕದ ಪ್ರೋಗ್ರಾಂನಲ್ಲಿ ಅದು ಬೇಡವೇ ಬೇಡ.

ಹಾಗಾದರೆ ಏನು ಮಾಡಬೇಕು? ಕೋಡ್ ಅನ್ನು ಮಾತಿನಲ್ಲೇ ಹೇಳುತ್ತೇನೆ, ನೀವೇ ಟೈಪ್ ಮಾಡಿ. ಆಗ ಕೈಗೆ ಹತ್ತುತ್ತದೆ.

ಮೊತ್ತ ಕೇಳುವುದಕ್ಕೆ ಬೇರೆಯೇ ಒಂದು ಫಂಕ್ಷನ್ ಮಾಡಿ. ಪೈಥಾನ್ 3ರಲ್ಲಿ ಹೆಸರುಗಳನ್ನು ಕನ್ನಡದಲ್ಲೂ ಇಡಬಹುದು, ಬೇಕಿದ್ದರೆ ‘ಮೊತ್ತ_ಕೇಳು’ ಅಂತಲೇ ಇಡಿ. ಒಳಗೆ ‘ವೈಲ್ ಟ್ರೂ’ ಲೂಪ್. ಲೂಪ್‌ನ ಮೊದಲ ಸಾಲಲ್ಲಿ ಇನ್‌ಪುಟ್‌ನಿಂದ ಬಂದದ್ದನ್ನು ಒಂದು ವೇರಿಯಬಲ್‌ನಲ್ಲಿ ಇಟ್ಟುಕೊಳ್ಳಿ. ಎರಡನೆಯ ಸಾಲಲ್ಲಿ ಅದನ್ನು ಶುಚಿ ಮಾಡಿ. ಆಮೇಲೆ ಟ್ರೈ. ಟ್ರೈ ಒಳಗೆ ಒಂದೇ ಒಂದು ಸಾಲು ಇರಲಿ, ಇಂಟ್ ಮಾಡುವ ಸಾಲು. ಎಕ್ಸೆಪ್ಟ್ ಮುಂದೆ ವ್ಯಾಲ್ಯೂಎರರ್ ಅಂತ ಹೆಸರು ಹೇಳಿ. ಅದರ ಕೆಳಗೆ ಏನು ಅರ್ಥವಾಗಲಿಲ್ಲ ಅಂತ ಪ್ರಿಂಟ್ ಮಾಡಿ, ‘ಕಂಟಿನ್ಯೂ’ ಹಾಕಿ. ಲೂಪ್ ಮತ್ತೆ ಕೇಳುತ್ತದೆ. ಎಕ್ಸೆಪ್ಟ್ ದಾಟಿ ಬಂದರೆ ಮೊತ್ತ ಸರಿಯಾದ ಮಿತಿಯಲ್ಲಿದೆಯಾ ನೋಡಿ. ಇದ್ದರೆ ‘ರಿಟರ್ನ್’. ಇಲ್ಲಿ ಗಮನಿಸಿ, ಮತ್ತೆ ಕೇಳುವುದು ಅದೇ ಗಿರಾಕಿಯ ಮೊತ್ತವನ್ನು. ಸರಿಯಾದ ಸಂಖ್ಯೆ ಸಿಗುವವರೆಗೆ ಪ್ರೋಗ್ರಾಂ ಮುಂದಿನ ಹೆಸರಿಗೆ ಹೋಗುವುದೇ ಇಲ್ಲ. ನಿಮ್ಮ ಉದ್ರಿ ಇನ್ನು ಮಾಯವಾಗುವುದಿಲ್ಲ.

ಕೆಲವರು ಲೂಪ್ ಬದಲು, ತಪ್ಪಾದಾಗ ಫಂಕ್ಷನ್ ತನ್ನನ್ನೇ ಮತ್ತೆ ಕರೆಯುವ ಹಾಗೆ ಬರೆಯುತ್ತಾರೆ. ಆಗ ರಿಟರ್ನ್ ಮರೆಯುವುದು ಬಹಳ ಸುಲಭ. ಮರೆತರೆ ಎರಡನೇ ಸಲ ಸರಿಯಾಗಿ ಬರೆದರೂ ಹೊರಗೆ ಬರುವುದು ‘ನನ್’ (None), ಅಂದರೆ ಏನೂ ಇಲ್ಲ. ಎರರ್ ಬೇರೆಲ್ಲೋ ಕೂಡುವಾಗ ಬರುತ್ತದೆ, ಹುಡುಕಿ ಸಾಕಾಗುತ್ತದೆ. ಲೂಪ್ ಬಳಸಿ.

ಶುಚಿ ಮಾಡುವುದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಹುಮ್ಮಸ್ಸಿನಲ್ಲಿ ಎಡವುವುದು ಇಲ್ಲೇ. ಕೊನೆಯಲ್ಲಿ ‘/-’ ಇದ್ದರೆ ತೆಗೆಯಲು ‘ರಿಮೂವ್‌ಸಫಿಕ್ಸ್’ ಇದೆ, 3.9ನೇ ಆವೃತ್ತಿಯಿಂದ ಸಿಗುತ್ತದೆ. ಅದಕ್ಕೂ ಮೊದಲು ‘ಸ್ಟ್ರಿಪ್’ ಮಾಡಿ. ಕೊನೆಯಲ್ಲಿ ಖಾಲಿ ಜಾಗ ಉಳಿದರೆ ಸಫಿಕ್ಸ್ ಹೊಂದುವುದಿಲ್ಲ. ಅಲ್ಪವಿರಾಮವನ್ನು ‘ರಿಪ್ಲೇಸ್’ ಮಾಡಿ ತೆಗೆಯಬಹುದು, ‘1,250’ ಸರಿಹೋಗುತ್ತದೆ. ಮುಂದೆ ₹ ಗುರುತು ಹಾಕುವ ಅಭ್ಯಾಸ ಇದ್ದರೆ ಅದನ್ನೂ ತೆಗೆಯಿರಿ. ಇಲ್ಲಿಗೆ ನಿಲ್ಲಿಸಿ.

‘ಅಂಕಿ ಅಲ್ಲದ್ದೆಲ್ಲ ತೆಗೆದುಬಿಡೋಣ, ಯಾವುದೂ ತಪ್ಪಾಗಲ್ಲ’ ಅಂತ ಅನಿಸುತ್ತದೆ. ಹಾಗೆ ಮಾಡಿದರೆ ‘12.50’ ಅನ್ನುವುದು 1250 ಆಗುತ್ತದೆ. ಗಿರಾಕಿ 50 ರೂಪಾಯಿ ಜಮಾ ಕೊಟ್ಟರು ಅಂತ ಅಪ್ಪ ‘-50’ ಬರೆದರೆ 50 ಉದ್ರಿ ಏರುತ್ತದೆ. ‘250 300’ ಅಂತ ಎರಡು ಸಾಮಾನಿನ ಬೆಲೆ ಒಟ್ಟಿಗೆ ಬರೆದರೆ ಎರಡೂವರೆ ಲಕ್ಷ ಆಗುತ್ತದೆ. ಅದಕ್ಕೇ ನಡುವಿನ ಖಾಲಿ ಜಾಗವನ್ನು ತೆಗೆಯಬೇಡಿ. ಅರ್ಥ ಒಂದೇ ಇದ್ದು ರೂಪ ಮಾತ್ರ ಬೇರೆ ಇದ್ದರೆ ಪ್ರೋಗ್ರಾಂ ಸರಿಮಾಡಿಕೊಳ್ಳಲಿ. ಎರಡು ಅರ್ಥ ಬರುವ ಹಾಗಿದ್ದರೆ ಊಹೆ ಮಾಡದೆ ಕೇಳಲಿ.

ಸಂಖ್ಯೆ ಆಯಿತು ಅಂದಮಾತ್ರಕ್ಕೆ ಮೊತ್ತ ಸರಿ ಅಂತಲೂ ಅಲ್ಲ. 250 ಬರೆಯಲು ಹೋಗಿ ಎರಡು ಸೊನ್ನೆ ಹೆಚ್ಚಾದರೆ 25000. ಇಂಟ್‌ಗೆ ಏನೂ ಅನಿಸುವುದಿಲ್ಲ. ನಿಮ್ಮ ಅಂಗಡಿಯಲ್ಲಿ ಒಂದು ಸಲಕ್ಕೆ ಎಷ್ಟರವರೆಗೆ ಉದ್ರಿ ಕೊಡುತ್ತಾರೆ ಅಂತ ಅಪ್ಪನನ್ನೇ ಕೇಳಿ. ಅದಕ್ಕಿಂತ ಜಾಸ್ತಿ ಬಂದರೆ ತಳ್ಳಿಹಾಕಬೇಡಿ, ಮದುವೆ ಮನೆಗೆ ದೊಡ್ಡ ಸಾಮಾನು ಹೋಗಿರಬಹುದು. ‘25000 ಅಂತ ಇದೆ, ಸರಿನಾ?’ ಅಂತ ಕೇಳಲಿ.

ಹೌದು-ಇಲ್ಲ ಕೇಳುವಾಗ ಒಂದು ಗುಂಡಿ ಇದೆ, ಹೊಸಬರು ಬಹುತೇಕ ಎಲ್ಲರೂ ಬೀಳುತ್ತಾರೆ. ‘ಉತ್ತರ ಹೌದು ಅಥವಾ ಹೂಂ ಆಗಿದ್ದರೆ’ ಅಂತ ನಾವು ಮಾತಾಡುವ ಹಾಗೇ ಬರೆಯುತ್ತೇವೆ. ಸಮಚಿಹ್ನೆ ಹಾಕಿ ‘ಹೌದು’, ಆಮೇಲೆ ‘ಆರ್’, ಆಮೇಲೆ ‘ಹೂಂ’. ಪೈಥಾನ್ ಇದನ್ನು ಎರಡು ಬೇರೆ ಪ್ರಶ್ನೆ ಅಂತ ಓದುತ್ತದೆ. ಉತ್ತರ ‘ಹೌದು’ ಇದೆಯಾ ಅನ್ನುವುದು ಒಂದು, ‘ಹೂಂ’ ಎಂಬ ಸ್ಟ್ರಿಂಗ್ ಖಾಲಿ ಅಲ್ವಾ ಅನ್ನುವುದು ಇನ್ನೊಂದು. ಖಾಲಿ ಅಲ್ಲದ ಸ್ಟ್ರಿಂಗ್ ಯಾವಾಗಲೂ ನಿಜ. ಹಾಗಾಗಿ ಅಪ್ಪ ‘ಇಲ್ಲ’ ಅಂದರೂ 25000 ಏರುತ್ತದೆ. ಒಪ್ಪಿಗೆ ಅನ್ನಬಹುದಾದ ಉತ್ತರಗಳನ್ನೆಲ್ಲ ಒಂದು ಲಿಸ್ಟ್‌ನಲ್ಲಿ ಇಟ್ಟು, ‘ಇನ್’ ಬಳಸಿ ಅದರೊಳಗೆ ಇದೆಯಾ ಅಂತ ನೋಡಿ. ಚೌಕ ಆವರಣದ ಲಿಸ್ಟೇ ಇರಲಿ. ಬರೀ ಸ್ಟ್ರಿಂಗ್ ಒಳಗೆ ‘ಇನ್’ ಅಂತ ಹುಡುಕಿದರೆ, ಖಾಲಿ ಎಂಟರ್ ಒತ್ತಿದರೂ ‘ಇದೆ’ ಅನ್ನುತ್ತದೆ.

ಪೈಸೆ ಬೇಕಾ? ಬೇಡವಾದರೆ ಇಂಟ್ ಸಾಕು. ಬೇಕಾದರೆ, ದಶಮಾಂಶ ಸಂಖ್ಯೆ ಹಿಡಿಯುವ ಫ್ಲೋಟ್ ಕಡೆ ಹೋಗಬೇಡಿ. ಅದರಲ್ಲಿ 0.1 ಮತ್ತು 0.2 ಕೂಡಿದರೆ 0.30000000000000004 ಬರುತ್ತದೆ. ಫ್ಲೋಟ್‌ಗೆ ಇನ್ನೊಂದು ಗುಣ ಇದೆ. ಇಂಗ್ಲಿಷ್‌ನಲ್ಲಿ ಎನ್, ಎ, ಎನ್ ಅಂತ ಮೂರು ಅಕ್ಷರ ಬರೆದರೆ ಎರರ್ ಇಲ್ಲದೆ ಒಪ್ಪಿಕೊಳ್ಳುತ್ತದೆ. ಅದು ‘ಸಂಖ್ಯೆ ಅಲ್ಲದ್ದು’ ಎಂಬ ವಿಶೇಷ ಬೆಲೆ. ಸೊನ್ನೆಗಿಂತ ಕಡಿಮೆನಾ ಅಂದರೆ ಅಲ್ಲ, ಮಿತಿಗಿಂತ ಜಾಸ್ತಿನಾ ಅಂದರೂ ಅಲ್ಲ. ಎರಡೂ ಕಾವಲು ದಾಟಿ ಒಳಗೆ ಬರುತ್ತದೆ, ಅದನ್ನು ಕೂಡಿದ ಮೊತ್ತವೆಲ್ಲ ಕೆಡುತ್ತದೆ. ದುಡ್ಡಿಗೆ ‘ಡೆಸಿಮಲ್’ ಬಳಸಿ. ಆದರೆ ಅದು ತಪ್ಪು ಕಂಡಾಗ ಎಬ್ಬಿಸುವುದು ವ್ಯಾಲ್ಯೂಎರರ್ ಅಲ್ಲ, ‘ಇನ್‌ವ್ಯಾಲಿಡ್‌ಆಪರೇಶನ್’. ಎಕ್ಸೆಪ್ಟ್ ಮುಂದಿನ ಹೆಸರೂ ಬದಲಾಗಬೇಕು. ಆ ಮೂರು ಅಕ್ಷರವನ್ನು ಡೆಸಿಮಲ್ ಕೂಡ ಒಪ್ಪುತ್ತದೆ, ಆದ್ದರಿಂದ ಅದರ ‘ಈಸ್‌_ಫೈನೈಟ್’ ಕೇಳಿ ಆಮೇಲೆ ಮಿತಿ ನೋಡಿ. ನಿಮ್ಮ ಈಗಿನ ಹಂತಕ್ಕೆ ನನ್ನ ಸಲಹೆ: ರೂಪಾಯಿ ಮಾತ್ರ ಇಟ್ಟುಕೊಳ್ಳಿ, ಇಂಟ್‌ನಲ್ಲೇ ಮುಗಿಸಿ.

ಮುಂದೆ ಗಿರಾಕಿಯ ಮೊಬೈಲ್ ನಂಬರ್ ಸೇರಿಸಿದರೆ ಅದನ್ನು ಇಂಟ್ ಮಾಡಬೇಡಿ. ನಂಬರ್ ಅಂತ ಕರೆದರೂ ಅದನ್ನು ಯಾರೂ ಕೂಡುವುದಿಲ್ಲ, ಕಳೆಯುವುದಿಲ್ಲ. ಮುಂದೆ ಸೊನ್ನೆ ಹಾಕಿದ್ದರೆ ಇಂಟ್ ಅದನ್ನು ತಿಂದುಬಿಡುತ್ತದೆ. ಸ್ಟ್ರಿಂಗ್ ಆಗಿಯೇ ಇರಲಿ.

ತಪ್ಪು ಹೇಳುವ ಮಾತೂ ಮುಖ್ಯ. ‘ಅಮಾನ್ಯ ಇನ್‌ಪುಟ್’ ಅಂದರೆ ಅಂಗಡಿಯಲ್ಲಿ ಕೂತವರಿಗೆ ಏನೂ ಗೊತ್ತಾಗುವುದಿಲ್ಲ. ‘ನೀವು ಬರೆದದ್ದು: 250 300. ಒಂದೇ ಮೊತ್ತ ಬರೆಯಿರಿ, ಉದಾಹರಣೆಗೆ 550. ಬೇಡವಾದರೆ ಬಿಡು ಅಂತ ಬರೆಯಿರಿ’ ಅಂದರೆ ಗೊತ್ತಾಗುತ್ತದೆ. ಆ ‘ಬಿಡು’ ಮರೆಯಬೇಡಿ. ತಪ್ಪು ಗಿರಾಕಿಯ ಹೆಸರು ಹಾಕಿದಾಗ ವಾಪಸ್ ಬರಲು ದಾರಿ ಇಲ್ಲದಿದ್ದರೆ, ಪಾರಾಗಲು ಅಪ್ಪ ಯಾವುದೋ ಒಂದು ಸಂಖ್ಯೆ ಒತ್ತುತ್ತಾರೆ. ಅದು ಯಾರದೋ ತಲೆ ಮೇಲೆ ಉದ್ರಿಯಾಗಿ ಕೂರುತ್ತದೆ. ‘ಬಿಡು’ ಅಂದಾಗ ಫಂಕ್ಷನ್ ನನ್ ಅನ್ನು ರಿಟರ್ನ್ ಮಾಡಲಿ, ಕರೆದ ಕಡೆ ‘ಇದು ನನ್ ಅಲ್ವಾ’ ಅಂತ ನೋಡಿ ಮುಂದೆ ಹೋಗಿ.

ಈಗ ಬೆಳಗಿನಿಂದ ಹಾಕಿದ ಲೆಕ್ಕ ಹೋದದ್ದು. ಅದಕ್ಕೆ ‘250/-’ ಕಾರಣವಲ್ಲ. ನಿಮ್ಮ ಪ್ರೋಗ್ರಾಂ ದಿನವಿಡೀ ಎಲ್ಲವನ್ನೂ ಮೆಮೊರಿಯಲ್ಲಿ ಹಿಡಿದುಕೊಂಡು ರಾತ್ರಿ ಒಂದೇ ಸಲ ಫೈಲ್‌ಗೆ ಬರೆಯುತ್ತದೆ. ಎರರ್ ಬರದಿದ್ದರೂ ಕರೆಂಟ್ ಹೋದರೆ ಅಷ್ಟೂ ಹೋಗುತ್ತಿತ್ತು. ನಮ್ಮ ಕಡೆ ಕರೆಂಟ್ ಹೋಗುವುದು ಹೊಸದಲ್ಲವಲ್ಲ. ಪ್ರತಿ ಉದ್ರಿ ಬಂದ ಕೂಡಲೇ ಫೈಲ್ ಅನ್ನು ಅಪೆಂಡ್ ಮೋಡ್‌ನಲ್ಲಿ (ಹಳೆಯದರ ಕೊನೆಗೆ ಸೇರಿಸುವ ರೀತಿಯಲ್ಲಿ) ತೆರೆದು, ಒಂದು ಸಾಲು ಬರೆದು, ಮುಚ್ಚಿ. ‘ವಿತ್’ ಬಳಸಿದರೆ ಮುಚ್ಚುವುದು ತಾನೇ ಆಗುತ್ತದೆ. ಹೆಸರುಗಳು ಕನ್ನಡದಲ್ಲಿದ್ದರೆ ಎನ್‌ಕೋಡಿಂಗ್ ಯುಟಿಎಫ್-8 ಅಂತ ಹೇಳಿ, ಇಲ್ಲದಿದ್ದರೆ ವಿಂಡೋಸ್‌ನಲ್ಲಿ ಬರೆಯುವಾಗಲೇ ಎರರ್ ಬರಬಹುದು. ಸಾಲಿನಲ್ಲಿ ತಾರೀಕು, ಹೆಸರು, ಮೊತ್ತ ಇರಲಿ. ಜೊತೆಗೆ ಅಪ್ಪ ನಿಜವಾಗಿ ಏನು ಟೈಪ್ ಮಾಡಿದರೋ ಅದೂ ಹಾಗೇ ಕೊನೆಯ ಕಾಲಂನಲ್ಲಿ ಇರಲಿ. ಅವರು ಟೈಪ್ ಮಾಡಿದ್ದರಲ್ಲಿ ಅಲ್ಪವಿರಾಮ ಇರಬಹುದಲ್ಲ, ಆದ್ದರಿಂದ ಅಲ್ಪವಿರಾಮ ಹಾಕಿ ಸಾಲನ್ನು ನೀವೇ ಜೋಡಿಸದೆ, ಆ ಕೆಲಸಕ್ಕೆಂದೇ ಪೈಥಾನ್‌ನಲ್ಲಿರುವ ಸಿಎಸ್‌ವಿ ಮಾಡ್ಯೂಲ್ ಬಳಸಿ. ತಿಂಗಳ ಕೊನೆಗೆ ಒಬ್ಬ ಗಿರಾಕಿ ‘ನಾನು ಇಷ್ಟು ತಗೊಂಡಿಲ್ಲ’ ಅಂದರೆ, ಶುಚಿ ಮಾಡುವಾಗ ನಿಮ್ಮ ಕೋಡ್ ಎಡವಿತ್ತಾ ಅಂತ ಆ ಕಾಲಂ ನೋಡಿ ಹೇಳಬಹುದು.

ಬದಲಾವಣೆ ಮುಗಿದ ಮೇಲೆ ನೀವೇ ಕೂತು ಕೆಡಿಸಲು ನೋಡಿ. ಖಾಲಿ ಎಂಟರ್, ಬರೀ ಸ್ಪೇಸ್, ‘೨೫೦’, ‘1,250/-’, ‘-50’, ‘12.50’, ‘250 300’, ಮೊತ್ತದ ಜಾಗದಲ್ಲಿ ಹೆಸರು, ಕಂಟ್ರೋಲ್-ಸಿ. ಪ್ರತಿಯೊಂದಕ್ಕೂ ಏನಾಗಬೇಕು ಅಂತ ಮೊದಲೇ ಕಾಗದದ ಮೇಲೆ ಬರೆದುಕೊಂಡು ಆಮೇಲೆ ಒತ್ತಿ.

ಅದಾದ ಮೇಲೆ ಒಂದು ಸಂಜೆ ಅಪ್ಪನ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತುಕೊಳ್ಳಿ. ‘ಹಾಗಲ್ಲಪ್ಪಾ, ಹೀಗೆ’ ಅಂತ ಹೇಳಬೇಡಿ. ಅವರು ಏನು ಒತ್ತುತ್ತಾರೋ ಸುಮ್ನೆ ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ. ‘ಮುನ್ನೂರು’ ಅಂತ ಅಕ್ಷರದಲ್ಲಿ ಬರೆಯಬಹುದು, ‘120+45’ ಅಂತ ಬರೆಯಬಹುದು. ಕೂಡುವ ಗುರುತು ಅವರಿಗೆ ನಿಜವಾಗಿ ಬೇಕಾಗಿದೆ ಅನಿಸಿದರೆ ಅದಕ್ಕಾಗಿ ಇವ್ಯಾಲ್ ಹಾಕಬೇಡಿ. ಗುರುತಿನ ಹತ್ತಿರ ‘ಸ್ಪ್ಲಿಟ್’ ಮಾಡಿ, ಒಂದೊಂದು ತುಂಡನ್ನೂ ಇಂಟ್ ಮಾಡಿ ಕೂಡಿ. ಯಾವ ತುಂಡು ಕೆಟ್ಟರೂ ಅದೇ ವ್ಯಾಲ್ಯೂಎರರ್ ಬರುತ್ತದೆ, ಅದೇ ಲೂಪ್ ಮತ್ತೆ ಕೇಳುತ್ತದೆ.

ಒಂದು ತಿಂಗಳು ಪುಸ್ತಕ, ಪ್ರೋಗ್ರಾಂ ಎರಡೂ ಇರಲಿ. ಪುಸ್ತಕ ಬಿಡಿ ಅಂತ ಅಪ್ಪನನ್ನು ಒತ್ತಾಯ ಮಾಡಬೇಡಿ. ಮಾಯವಾದ ಆ ವಾರದ ಉದ್ರಿಗಳನ್ನು ಗಿರಾಕಿಗಳು ಮರೆಯುವ ಮೊದಲೇ ಅವರನ್ನು ಕೇಳಿ ಪುಸ್ತಕಕ್ಕೆ ಸೇರಿಸಿ. ರಾತ್ರಿ ಎರಡರ ಮೊತ್ತ ತಾಳೆ ಹಾಕಿ. ತಾಳೆ ಬೀಳದ ದಿನದ ಸಾಲುಗಳನ್ನು, ಆ ಕೊನೆಯ ಕಾಲಂ ಸಮೇತ, ಗಿರಾಕಿಗಳ ಹೆಸರು ಅಳಿಸಿ ನನಗೆ ಕಳಿಸಿ. ಒಟ್ಟಿಗೆ ನೋಡೋಣ.